ಕುದೂರು ಹೋಬಳಿಯ ಹಾಳೆಗಳು

ಹಳೆಯ ಕಾಗದದ ನಡುವೆ ಒಣಗಿದ ಬೇವಿನೆಲೆಯ ಕಹಿ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನ್ನ ಎದೆ ಮುದುಡುತ್ತದೆ. ಅದು ಕಾಶಿಯ ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿದ್ದ ನಮ್ಮ ಮನೆಯ ವಾಸನೆ. ಕೆಂಪು ಬಟ್ಟೆ ಸುತ್ತಿದ ಉದ್ದುದ್ದನೆಯ ಬಹಿಗಳು ನಡುಮನೆಯ ಗೂಡಿನಲ್ಲಿ ಮಲಗಿರುತ್ತಿದ್ದವು. ಕರ್ನಾಟಕದಿಂದ ಕರ್ಮ ಮಾಡಿಸಲು ಬಂದವರ ಊರು, ವಂಶ, ಕೆಳಗೆ ಅವರದೇ ಸಹಿ, ಎಲ್ಲವೂ ಆ ಪುಸ್ತಕಗಳಲ್ಲಿ ಇರುತ್ತಿತ್ತು. ಮುಂದೆಂದೋ ಅವರ ಮೊಮ್ಮಕ್ಕಳು ಬಂದಾಗ, ಪುರೋಹಿತರಾದ ನಮ್ಮ ತಾತ ಜಿಲ್ಲೆ, ತಾಲ್ಲೂಕು, ಹೋಬಳಿ ಕೇಳಿಕೊಂಡು ಹಾಳೆ ತೆಗೆದು ತೋರಿಸುತ್ತಿದ್ದರು. ಎಂಥ ಗಟ್ಟಿಮನಸ್ಸಿನವರೂ ತಮ್ಮ ಅಜ್ಜನ ಅಕ್ಷರ ಕಂಡಾಗ ಅದರ ಮೇಲೆ ಬೆರಳಾಡಿಸುತ್ತಿದ್ದರು. ನಿಮ್ಮ ಮನೆಯ ಹಿರಿಯರು ಬರೆದ ಚೀಟಿಯೊಂದನ್ನು ಕಳೆದುಕೊಂಡಿದ್ದರೆ ನಿಮಗೂ ಅದು ತಿಳಿದೀತು.

ನಮ್ಮ ಪಾಲಿಗೆ ಬಂದದ್ದು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಯಾತ್ರಿಕರು. ತಾತ ಹುಟ್ಟಿದ್ದೇ ಕಾಶಿಯಲ್ಲಿ. ಆ ಸೀಮೆಗೆ ಹೋಗಿದ್ದು ಎರಡೇ ಸಲ. ಆದರೂ ನೆಲದ ಮೇಲೆ ಲೋಟವೊಂದನ್ನಿಟ್ಟು, ಸುತ್ತಲೂ ಎಂಟು ಹುಣಸೆಬೀಜ ಜೋಡಿಸಿ ನನಗೆ ಪಾಠ ಹೇಳುತ್ತಿದ್ದರು. ಲೋಟ ರಾಜಧಾನಿ. ಉತ್ತರಕ್ಕೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಪೂರ್ವಕ್ಕೆ ಹೊಸಕೋಟೆ, ದಕ್ಷಿಣಕ್ಕೆ ಕನಕಪುರ, ಮೈಸೂರಿನ ದಾರಿಯಲ್ಲಿ ರಾಮನಗರ, ಚನ್ನಪಟ್ಟಣ, ಪಶ್ಚಿಮಕ್ಕೆ ಮಾಗಡಿ, ನೆಲಮಂಗಲ. "ಲೋಟ ನಮ್ಮ ಜಿಲ್ಲೇದಲ್ಲ. ಆದ್ರೆ ಜಿಲ್ಲಾ ಕಚೇರಿ ಮಾತ್ರ ಲೋಟದೊಳಗೇ ಕೂತಿದೆ ನೋಡು ಪುಟ್ಟಿ" ಎಂದು ನಗುತ್ತಿದ್ದರು.

ಎರಡು ಸಾವಿರದ ಏಳರಲ್ಲಿ ರಾಮನಗರ ಬೇರೆ ಜಿಲ್ಲೆಯಾಯಿತು. ಮಾಗಡಿ, ಕನಕಪುರ, ಚನ್ನಪಟ್ಟಣಗಳೂ ಅದರ ಜೊತೆ ಹೋದವು. ಯಾತ್ರಿಕರೊಬ್ಬರಿಂದ ಸುದ್ದಿ ತಿಳಿದ ತಾತ ಹಳೆಯ ಬಹಿಗಳ ಹೊಲಿಗೆ ಬಿಚ್ಚಿಸಿದರು. "ನಾಳೆ ಬರೋರು ರಾಮನಗರ ಜಿಲ್ಲೆ ಅಂತಾರೆ. ಆಗ ಹುಡುಕ್ತಾ ಕೂತರೆ ಆಗತ್ತಾ?" ಅವರ ಕಣ್ಣಿಗೆ ಪೊರೆ ಬಂದಿತ್ತು. ಹಾಳೆಗಳನ್ನು ತಾಲ್ಲೂಕುವಾರು ವಿಂಗಡಿಸುವ ಕೆಲಸ ಹನ್ನೆರಡು ವರ್ಷದ ನನ್ನ ಪಾಲಿಗೆ ಬಂತು. ನಾನು ಓದುತ್ತಿದ್ದುದು ಭೇಲೂಪುರದ ಹಿಂದಿ ಶಾಲೆಯಲ್ಲಿ. ಕನ್ನಡದ ಅಕ್ಷರ ಕಲಿಸಿದ್ದು ತಾತನೇ. ಮನೆಗೆ ಬಂದವರ ಮುಂದೆಲ್ಲ "ನಮ್ಮ ಪುಟ್ಟಿ ಹಳೇ ಬರಹಾನೂ ಓದ್ತಾಳೆ" ಎಂದು ಹೇಳಿಕೊಳ್ಳುತ್ತಿದ್ದರು. ನಿಜವೇನೆಂದರೆ ನನಗೆ ಬರುತ್ತಿದ್ದುದು ಅಚ್ಚಿನ ಅಕ್ಷರ ಮಾತ್ರ.

ದಸರೆಯ ರಜೆ. ಗಲ್ಲಿಯ ತುದಿಯಲ್ಲಿ ದುರ್ಗಾಪೂಜೆಯ ಡೋಲು ಬಾರಿಸುತ್ತಿದ್ದರು. ಮುತ್ತಜ್ಜನ ಮೋಡಿ ಬರಹದ ಹತ್ತೋ ಹನ್ನೆರಡೋ ಹಾಳೆಗಳು ನನ್ನ ಕೈಗೆ ಬಂದವು. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಓಡುವ ಆ ಸಾಲುಗಳಲ್ಲಿ ಒಂದು ಅಕ್ಷರವೂ ನನಗೆ ಹತ್ತಲಿಲ್ಲ. ಕೇಳಬಹುದಿತ್ತು, ತಾತ ಎರಡು ಮಾರು ದೂರದಲ್ಲೇ ಕೂತಿದ್ದರು. ಆದರೆ ನನಗೆ ಬರುವುದಿಲ್ಲವೆಂದು ಅವರಿಗೆ ತಿಳಿದುಬಿಡುತ್ತದಲ್ಲ! ಗೆದ್ದಲು ತಿಂದು ಪುಡಿಯಾದ ಹಾಳೆಗಳದೊಂದು ಗಂಟು ಪಕ್ಕದಲ್ಲಿತ್ತು, ಗಂಗೆಗೆ ಬಿಡಲೆಂದು. ಇವನ್ನೂ ಅದರೊಳಗೆ ತುರುಕಿ "ಮುಗೀತು ತಾತ" ಎಂದೆ. ಮರುದಿನ ಬೆಳಿಗ್ಗೆ ಅವರು ಸೊಂಟದುದ್ದ ನೀರಿನಲ್ಲಿ ನಿಂತು, ಗಂಟಿಗೆ ಕೈಮುಗಿದು, ತಾವೇ ಬಿಟ್ಟರು.

ಮುಂದಿನ ಚಳಿಗಾಲದಲ್ಲಿ ತಾಯಿಯ ಅಸ್ಥಿ ಹಿಡಿದು ಸಾವಿತ್ರಮ್ಮ ಎಂಬವರು ಬಂದರು. ಮಾಗಡಿ ತಾಲ್ಲೂಕು, ಕುದೂರು ಹೋಬಳಿ. ಕರ್ಮವೆಲ್ಲ ಮುಗಿದ ಮೇಲೆ ಸಂಕೋಚದಿಂದ ಕೇಳಿದರು: "ಸ್ವಾಮಿ, ನಾನು ಹೊಟ್ಟೇಲಿದ್ದಾಗ ನಮ್ಮಪ್ಪ ಕಾಶಿಗೆ ಬಂದಿದ್ರಂತೆ. ನಾನು ಹುಟ್ಟೋದ್ರೊಳಗೆ ಹೋಗ್ಬಿಟ್ರು. ಒಂದು ಫೋಟೋನೂ ಇಲ್ಲ. ಅವರ ಸಹಿ ನಿಮ್ಮಲ್ಲಿದೆ ಅಂತ ಅಮ್ಮ ಹೇಳ್ತಿದ್ರು."

ತಾತ ಹೊಸದಾಗಿ ಹೊಲಿಸಿದ ಬಹಿಯನ್ನು ಮೂರು ಸಲ ತಿರುವಿದರು. ಭೂತಗನ್ನಡಿ ಹಿಡಿದು ಸಂಜೆಯವರೆಗೆ ಹುಡುಕಿದರು. "ಇತ್ತಮ್ಮ, ನಮ್ಮಪ್ಪ ಬರೆದ ಹಾಳೆ, ನಾನೇ ನೋಡಿದ್ದೆ" ಎಂದವರು ಇದ್ದಕ್ಕಿದ್ದಂತೆ ಭೂತಗನ್ನಡಿಯನ್ನು ಕೆಳಗಿಟ್ಟರು. ಆಮೇಲೆ ನನ್ನ ತಾತ, ನನ್ನೆದುರಿಗೇ, ಆ ಹೆಂಗಸಿಗೆ ಕೈಮುಗಿದರು. "ನನ್ನ ಕಣ್ಣು ಸರಿಯಿಲ್ಲ. ಹಾಳಾದ ಕಾಗದದ ಜೊತೆ ನಾನೇ ಗಂಗೆಗೆ ಬಿಟ್ಟಿರಬೇಕು. ತಪ್ಪಾಯ್ತು ತಾಯಿ."

"ಅಯ್ಯೋ, ಹಂಗನ್ಬೇಡಿ ಸ್ವಾಮಿ" ಎಂದರು ಸಾವಿತ್ರಮ್ಮ. "ಅಪ್ಪನ ಬೂದಿ ಬಿಟ್ಟಿದ್ದೂ ಈ ಗಂಗೇಲೇ ಅಲ್ವೇ." ಹೊರಡುವಾಗ ಖಾಲಿ ಹಾಳೆಯ ಮೇಲೆ ತಮ್ಮ ಹೆಸರನ್ನೂ ಅಪ್ಪನ ಹೆಸರನ್ನೂ ನಿಧಾನವಾಗಿ ಬರೆದುಹೋದರು. ನಾನು ಬಾಗಿಲ ಚೌಕಟ್ಟಿಗೆ ಅಂಟಿಕೊಂಡು ನಿಂತಿದ್ದೆ. ಬಾಯಿ ಬಿಡಲಿಲ್ಲ.

ಅಂದಿನಿಂದ ತಾತ ತಮ್ಮ ನೆನಪನ್ನೇ ನಂಬದಾದರು. ಯಾರ ವಂಶಾವಳಿಯನ್ನೂ ಬಾಯಿಂದ ಹೇಳಲಿಲ್ಲ. ಬಂದವರನ್ನು ಪಕ್ಕದ ಗಲ್ಲಿಯ ಪುರೋಹಿತರ ಬಳಿ ಕಳಿಸತೊಡಗಿದರು. ನಡುಮನೆಯಲ್ಲಿ ಮಾಗಡಿಯ ಮಾತು, ಹೊಸಕೋಟೆಯ ಮಾತು ಕೇಳುವುದು ನಿಂತಿತು.

ಅವರ ಕೊನೆಯ ಮಾಘದಲ್ಲಿ, ಮಾಳಿಗೆಯ ಎಳೆಬಿಸಿಲಿಗೆ ಮಲಗಿ, ಉಳಿದ ಬಹಿಯನ್ನು ಓದಲು ಹೇಳಿದರು. ಅಷ್ಟು ಹೊತ್ತಿಗೆ ಮೋಡಿ ಅಕ್ಷರವನ್ನು ಕದ್ದುಮುಚ್ಚಿ ಕಲಿಯುತ್ತಿದ್ದೆ. ಒಂದು ಕಡೆ ತಡವರಿಸಿ, ಬಾಯಿಗೆ ಬಂದ ಹೆಸರನ್ನು ಹೇಳಿ ಮುಂದಕ್ಕೆ ಹೋದೆ. ತಾತ ಕಣ್ಣು ತೆರೆಯದೆಯೇ ಅಂದರು: "ಗೊತ್ತಾಗದೇ ಇದ್ರೆ ಕೇಳ್ಬೇಕಮ್ಮ. ನಾನೇನು ಬೈತಿದ್ನಾ?"

ಬೈತೀನಾ ಅನ್ನಲಿಲ್ಲ, ಬೈತಿದ್ನಾ ಅಂದರು. ಆ ಹಾಳೆಗಳ ವಿಷಯ ಎಂದಿನಿಂದ ಅವರಿಗೆ ತಿಳಿದಿತ್ತೋ! ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಮತ್ತೆಂದೂ ಸಿಗುವಂತಿರಲಿಲ್ಲ. ನಾನು ತಲೆ ತಗ್ಗಿಸಿ, ಆ ಅಕ್ಷರ ಯಾವುದೆಂದಷ್ಟೇ ಕೇಳಿದೆ. ಅವರು ನನ್ನ ಅಂಗೈಯನ್ನು ಎಳೆದುಕೊಂಡು ಬೆರಳಿನಿಂದ ಬರೆದು ತೋರಿಸಿದರು. ಎರಡು ವಾರಕ್ಕೆ ಅವರನ್ನು ಹರಿಶ್ಚಂದ್ರ ಘಾಟಿಗೆ ಒಯ್ದರು.