ನಿಲ್ಲದೆ ಓದಿದ ಅಧ್ಯಾಯ

ಅಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ, ನನಗೆ ಬರುತ್ತದೆ. ಹಾಗಾಗಿ ಅವಳಿಗೆ ಕಾದಂಬರಿ ಓದಿ ಹೇಳುವವಳೂ ನಾನೇ, ಅವಳ ಕಣ್ಣಿನ ಡಾಕ್ಟರು ಬರೆದದ್ದನ್ನು ಓದಿ ಹೇಳುವವಳೂ ನಾನೇ. ಎರಡರಲ್ಲೂ ನಾನು ತಪ್ಪು ಮಾಡಿದೆ. ಗೊತ್ತಿದ್ದೇ ಮಾಡಿದೆ.

ತೀರ್ಥಹಳ್ಳಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಐದೂವರೆಗೆ ಏಳುವುದು, ಆರಕ್ಕೆ ಪ್ರಾರ್ಥನೆ, ಏಳಕ್ಕೆ ಓದು, ಎಂಟಕ್ಕೆ ತಿಂಡಿ. ಸಾಗರಕ್ಕೆ ಬಂದು ನೆಲೆಸಿದ ಮೇಲೂ ಅದು ಬದಲಾಗಲಿಲ್ಲ. ಎಬ್ಬಿಸುವುದಕ್ಕೆ ಈಗ ಯಾರೂ ಇಲ್ಲ, ಅಷ್ಟೆ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಹೊಸನಗರದಲ್ಲಿ ಬಸ್‌ಸ್ಟ್ಯಾಂಡಿಗೆ ಹತ್ತಿರದ ಎರಡು ಕೋಣೆಯಲ್ಲಿ ಹೊಲಿಗೆ ಕಲಿಸುತ್ತ ಬದುಕಿದಳು. ಇಬ್ಬರೂ ಮದುವೆಯಾಗಲಿಲ್ಲ. ಅವಳ ಎಡಗಣ್ಣು ಗ್ಲಾಕೋಮಾದಿಂದ ಹೋದಾಗ, ಪ್ರತಿ ಗುರುವಾರ ಬೆಳಗಿನ ಬಸ್ಸಿಗೆ ಹೊಸನಗರಕ್ಕೆ ಹೋಗಿ ಸಂಜೆಯ ಬಸ್ಸಿಗೆ ಮರಳುವುದೆಂದು ನಿಶ್ಚಯಿಸಿದೆ. ಹೋದವಳು ಸುಮ್ಮನೆ ಕೂರಬಾರದಲ್ಲ, ಪುಸ್ತಕ ಓದುವುದೆಂದಾಯಿತು.

ಪುಸ್ತಕಗಳು ನನ್ನಲ್ಲಿದ್ದವು. ಹಾಸ್ಟೆಲ್ಲಿನಲ್ಲಿ ನನ್ನ ಜೊತೆಗಿದ್ದ ಒಬ್ಬ ಟೀಚರು ಊರು ಬಿಡುವಾಗ ಒಂದು ರಟ್ಟಿನ ಪೆಟ್ಟಿಗೆ ತುಂಬ ಕೊಟ್ಟು ಹೋಗಿದ್ದರು. ಎಲ್ಲವೂ ಐನೂರು ವರ್ಷ ಹಿಂದಿನ, ಟ್ಯೂಡರ್ ದೊರೆಗಳ ಕಾಲದ ಇಂಗ್ಲೆಂಡಿನ ಪ್ರೇಮಕಥೆಗಳು, ಕ್ರೈಸ್ತ ಓದುಗರಿಗಾಗಿ ಬರೆದವು. ಅಂದರೆ ಹುಡುಗ ಹುಡುಗಿ ಕೈ ಹಿಡಿಯುವುದಕ್ಕೆ ಇನ್ನೂರು ಪುಟ ಬೇಕು, ಅದಕ್ಕೂ ಮುಂಚೆ ಇಬ್ಬರೂ ಬೇರೆ ಬೇರೆಯಾಗಿ ಮೊಣಕಾಲೂರಿ ಪ್ರಾರ್ಥಿಸಬೇಕು. ಹಾಸ್ಟೆಲ್ಲಿನ ಕಪಾಟಿನಲ್ಲಿ ಇಡಲು ನಾನು ಒಪ್ಪಿದ ಪ್ರೇಮಕಥೆಗಳು ಇವು ಮಾತ್ರ.

ಒಂದು ಗುರುವಾರಕ್ಕೆ ಎರಡು ಅಧ್ಯಾಯ. ಬುಧವಾರವೇ ಅವನ್ನು ಓದಿ, ಕಷ್ಟದ ಮಾತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಕೂತು ಒಂದು ವಾಕ್ಯವನ್ನು ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಓದಿಕೊಂಡು, ಕನ್ನಡಕ್ಕೆ ತಿರುಗಿಸಿ, ಬಾಯಿಬಿಟ್ಟು ಹೇಳುವುದು. ಆಮೇಲೆ ಮುಂದಿನ ವಾಕ್ಯ.

ಅಕ್ಕ ಬಾಯಿ ಮುಚ್ಚಿ ಕೇಳುವವಳಲ್ಲ. ಆಗ ಓದುತ್ತಿದ್ದ ಕಾದಂಬರಿಯ ನಾಯಕಿ ಅರಮನೆಯ ದರ್ಜಿಗಳಲ್ಲಿ ಒಬ್ಬಳು, ರಾಣಿಯ ಉಡುಪಿನ ತೋಳುಗಳನ್ನು ಬೇರೆಯಾಗಿ ಹೊಲಿದು ದಿನಾ ದಾರದಿಂದ ಕಟ್ಟುತ್ತಾಳೆ ಎಂದು ಬಂದಾಗ ನನ್ನನ್ನು ತಡೆದಳು.

"ತೋಳು ಬೇರೆ, ಮೈ ಬೇರೆಯಾ? ದಿನಾ ಕಟ್ಟೋದಾ?"

"ಹಾಗೇ ಬರೆದಿದೆ."

"ಒಳ್ಳೇ ಉಪಾಯ ಮಾರಾಯ್ತಿ. ಕಂಕುಳಲ್ಲಿ ಹರಿದರೆ ತೋಳಷ್ಟೇ ಬದಲಾಯಿಸಿದ್ರಾಯ್ತು. ನಾನು ನಲವತ್ತು ವರ್ಷ ಆ ಆರ್ಮ್‌ಹೋಲ್ ಹತ್ರ ಒದ್ದಾಡಿದ್ದು ಯಾಕೆ ಹಾಗಾದ್ರೆ?"

"ಮುಂದೆ ಓದ್ಲಾ?"

"ಓದೇ, ಓದು. ವಾರ್ಡನ್ ಅಮ್ಮ ಗಡಿಯಾರ ನೋಡ್ತಿದಾಳೆ."

ನಾಯಕ ಒಬ್ಬ ಪುಸ್ತಕ ಕಟ್ಟುವವನು. ಬೈಬಲ್ಲನ್ನು ಜನರ ಭಾಷೆಯಲ್ಲಿ ಓದುವುದೇ ಅಪಾಯವಾಗಿದ್ದ ಸಮಯದಲ್ಲಿ ಅದರ ಹಾಳೆಗಳನ್ನು ಕದ್ದುಮುಚ್ಚಿ ಹೊಲಿಯುತ್ತಾನೆ. ಅವನೂ ಸೂಜಿ ದಾರದವನೇ ಎಂದು ಅಕ್ಕನಿಗೆ ಅವನ ಮೇಲೆ ಮೊದಲ ಗುರುವಾರವೇ ಪ್ರೀತಿ ಹುಟ್ಟಿತು. ಅವನನ್ನು "ನಮ್ಮ ಹುಡುಗ" ಎಂದೇ ಕರೆಯುತ್ತಿದ್ದಳು. ಬಾಗಿಲು ತೆರೆದ ಕೂಡಲೇ, "ನಮ್ಮ ಹುಡುಗನ್ನ ಹಿಡಿದ್ರಾ ಹೆಂಗೆ?" ಎನ್ನುತ್ತಿದ್ದಳು.

ಅರವತ್ತು ಅಧ್ಯಾಯದ ಈ ಕಾದಂಬರಿ ಶುರುವಾದ ಹೊಸದರಲ್ಲೇ, ಫೆಬ್ರವರಿಯಲ್ಲಿ, ಅವಳನ್ನು ಶಿವಮೊಗ್ಗದ ಒಬ್ಬ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಕಣ್ಣಿಗೆ ಡ್ರಾಪ್ಸ್ ಹಾಕಿ ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಡಾಕ್ಟರು ನನ್ನನ್ನು ಒಳಗೆ ಕರೆದು ಹೇಳಿದರು. ಬಲಗಣ್ಣೂ ಉಳಿಯುವುದಿಲ್ಲ. ಡ್ರಾಪ್ಸ್ ಹಾಕಿದರೆ ತುಸು ನಿಧಾನವಾಗುತ್ತದೆ. ಒಂದು ವರ್ಷವೂ ಇರಬಹುದು, ಅದಕ್ಕಿಂತ ಕಡಿಮೆಯೂ ಇರಬಹುದು. ನೋಟ ಇರುವಾಗಲೇ ಮಾಡಬೇಕಾದ್ದನ್ನು ಮಾಡಿಕೊಳ್ಳಲಿ, ಮನೆಯೊಳಗೆ ತಡವಿಕೊಂಡು ಓಡಾಡುವುದನ್ನು ಈಗಿನಿಂದಲೇ ಕಲಿಯಲಿ. ಕಾಗದದಲ್ಲೂ ಅದನ್ನೇ ಬರೆದುಕೊಟ್ಟರು.

ಆ ರಾತ್ರಿ ಅವಳು ಸಾಗರದಲ್ಲಿ ನನ್ನ ಮನೆಗೆ ಬರುವುದಿತ್ತು. ಬಸ್ಸು ಆನಂದಪುರದಲ್ಲಿ ನಿಂತಾಗ ಕೇಳಿದಳು.

"ಕಾಗದದಾಗೆ ಎಂತ ಬರ್ದಿದಾರೆ, ಓದೇ."

ಆಸ್ಪತ್ರೆಯ ಮೆಟ್ಟಿಲಿನಿಂದ ಅಲ್ಲಿಯವರೆಗೆ ನಾನು ಅದಕ್ಕೆ ಉತ್ತರ ಕಟ್ಟುತ್ತಲೇ ಬಂದಿದ್ದೆ. ಕಾಗದ ಬಿಚ್ಚಿ ಮುಂದೆ ಹಿಡಿದುಕೊಂಡು ಹೇಳಿದೆ. ಕಣ್ಣಿನೊಳಗಿನ ಒತ್ತಡ ಸ್ವಲ್ಪ ಜಾಸ್ತಿಯಾಗಿದೆ, ಡ್ರಾಪ್ಸ್ ತಪ್ಪಿಸಬಾರದು, ಆರು ತಿಂಗಳು ಕಣ್ಣಿಗೆ ಶ್ರಮ ಕೊಡಬಾರದು, ನಿಧಾನವಾಗಿ ಮಬ್ಬು ಕಡಿಮೆಯಾಗುತ್ತದೆ. ಸುಳ್ಳು ಹೇಳಿದ ಹುಡುಗಿಯರನ್ನು ಊಟದ ಕೋಣೆಯಲ್ಲಿ ಎಲ್ಲರೆದುರು ನಿಲ್ಲಿಸುತ್ತಿದ್ದವಳು ನಾನು.

ಇದರಿಂದ ಅಕ್ಕನಿಗೆ ಆದ ನಷ್ಟ ಏನೆಂದು ಹೇಳಬೇಕು. ಅವಳು ಒಂದು ಪುಸ್ತಕ ಮಾಡುತ್ತಿದ್ದಳು. ದೊಡ್ಡ ಡ್ರಾಯಿಂಗ್ ಪುಸ್ತಕದಲ್ಲಿ, ಸ್ಕೇಲು ಪೆನ್ಸಿಲು ಹಿಡಿದು, ತಾನು ಕಲಿಸಿದ ಕಟಿಂಗ್‌ಗಳನ್ನೆಲ್ಲ ಬರೆದಿಡುವುದು. ಮಗುವಿನ ಅಂಗಿ, ಲಂಗ, ಕಟೋರಿ ಬ್ಲೌಸು, ಮೂರು ಬಗೆಯ ಕಾಲರು. ಅವಳ ಹತ್ತಿರ ಕಲಿತ ಹೆಂಗಸರು ಅದನ್ನು ಕೇಳಿ ಕೇಳಿ ಶುರುಮಾಡಿಸಿದ್ದರು. ಅರ್ಧ ಆಗಿತ್ತು. ಮಕ್ಕಳ ಬಟ್ಟೆಗಳೆಲ್ಲ ಮುಗಿದು ಬ್ಲೌಸಿನ ಮೊದಲ ಹಾಳೆಗೆ ಬಂದಿದ್ದಳು. ಬಸ್ಸಿನಲ್ಲಿ ನನ್ನ ಮಾತು ಕೇಳಿ, "ಸರಿ, ಹಂಗಾದ್ರೆ ಪುಸ್ತಕ ಆರು ತಿಂಗಳು ಎತ್ತಿಡ್ತೀನಿ. ಕಣ್ಣು ತಿಳಿಯಾದ ಮೇಲೆ ಕೂತು ಮುಗಿಸಿದ್ರಾಯ್ತು" ಎಂದಳು. ಹಾಗೆಯೇ ಎತ್ತಿಟ್ಟಳು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಮುಂದಿನ ಗುರುವಾರ ಹೇಳೋಣ ಎಂದುಕೊಂಡೆ. ಗುರುವಾರ ಬಂತು, ಎರಡು ಅಧ್ಯಾಯ ಓದಿ ಎದ್ದು ಬಂದೆ. ಅದರ ಮುಂದಿನ ಗುರುವಾರವೂ ಅಷ್ಟೇ.

ಜುಲೈ ಹೊತ್ತಿಗೆ ಅವಳು ಲೋಟ ಇಡುವ ಮೊದಲು ಕೈಯಿಂದ ಮೇಜಿನ ಅಂಚು ಹುಡುಕುತ್ತಿದ್ದಳು. ಒಂದು ಗುರುವಾರ ನಾನು ಹೋದಾಗ ಡ್ರಾಯಿಂಗ್ ಪುಸ್ತಕ ಹೊರಗೆ ಬಂದಿತ್ತು. ಕಿಟಕಿಯ ಹತ್ತಿರ ಕೂತು ಮೂಗು ತಾಗುವಷ್ಟು ಬಗ್ಗಿ ಒಂದು ಗೆರೆ ಎಳೆದಿದ್ದಳು. ಅದು ಹಿಂದೆ ಎಳೆದಿದ್ದ ಗೆರೆಯ ಮೇಲೇ ಓರೆಯಾಗಿ ಹಾದುಹೋಗಿತ್ತು.

"ಸರಿ ಬಂದಿದೆಯಾ ನೋಡು," ಎಂದಳು.

"ಸ್ವಲ್ಪ ಸೊಟ್ಟ."

"ಸ್ವಲ್ಪನಾ?"

ನಾನು ಕಾದಂಬರಿ ತೆಗೆದೆ.

ಮುಂದಿನ ವಾರಕ್ಕೆ ಬಂದ ಅಧ್ಯಾಯದಲ್ಲಿ ನಮ್ಮ ಹುಡುಗ ಸಾಯುತ್ತಾನೆ. ಅವನನ್ನು ಹಿಡಿದು ಸೆರೆಯಲ್ಲಿಟ್ಟು, ತಪ್ಪಾಯಿತೆಂದು ಎಲ್ಲರೆದುರು ಹೇಳಿದರೆ ಬಿಡುತ್ತೇವೆ ಎನ್ನುತ್ತಾರೆ. ಅವನು ಹೇಳುವುದಿಲ್ಲ. ಸುಡುತ್ತಾರೆ. ಬುಧವಾರ ಅದನ್ನು ಓದಿ ಮುಚ್ಚಿಟ್ಟೆ. ಆ ಸೊಟ್ಟ ಗೆರೆಯನ್ನು ನೋಡಿ ಬಂದಿದ್ದ ನಾನು ಅವಳಿಗೆ ಈ ಸಾವನ್ನೂ ಒಯ್ದು ಕೊಡಲಾರೆ ಎನಿಸಿತು. ನೋಟ್‌ಬುಕ್ಕಿನಲ್ಲಿ ಬೇರೆಯೇ ಅಧ್ಯಾಯ ಬರೆದೆ. ಕಾವಲಿನವನ ಮನಸ್ಸು ಕರಗುತ್ತದೆ, ಹುಡುಗ ದೋಣಿ ಹತ್ತಿ ಕಡಲು ದಾಟಿ ಬೇರೆ ದೇಶಕ್ಕೆ ಹೋಗುತ್ತಾನೆ, ಹುಡುಗಿಗೆ ಕಾಗದ ಬರುತ್ತದೆ. ಒಂಬತ್ತು ಪುಟವಾಯಿತು. ಬೆಳಿಗ್ಗೆ ಬಸ್ಸಿನಲ್ಲಿ ಅದನ್ನು ಬಾಯಿಪಾಠ ಮಾಡಿಕೊಂಡೆ. ಏನು ಮಾಡಿದರೂ ಅಚ್ಚುಕಟ್ಟಾಗಿ ಮಾಡುವ ರೂಢಿ.

ಅಕ್ಕ ಕಾಲು ಮಡಚಿ ಮಂಚದ ಮೇಲೆ ಕೂತು ಕೇಳಿದಳು. ಒಂದು ಸಲವೂ ತಡೆಯಲಿಲ್ಲ. ದೋಣಿಗೆ ಹಾಯಿ ಯಾವ ಬಟ್ಟೆಯದು ಎಂದು ಕೂಡ ಕೇಳಲಿಲ್ಲ. ನಾನು ಮುಗಿಸಿ ಪುಸ್ತಕ ಮುಚ್ಚಿದೆ.

"ಇವತ್ತು ನೀನು ಪುಸ್ತಕ ಓದಲಿಲ್ಲ," ಎಂದಳು.

"ಮತ್ತೆ ಇಷ್ಟು ಹೊತ್ತು ಮಾಡಿದ್ದು ಎಂತ?"

"ಓದುವಾಗ ನೀನು ನಿಲ್ತೀಯ. ಒಂದು ಮಾತು ಹೇಳಿ ನಿಲ್ತೀಯ, ಇನ್ನೊಂದು ಹೇಳಿ ನಿಲ್ತೀಯ. ಬಾವಿಯಿಂದ ನೀರು ಸೇದಿದ ಹಂಗೆ. ಇವತ್ತು ನಲ್ಲಿ ಬಿಟ್ಟ ಹಂಗೆ ಬಂತು. ಹಾಳೆ ಮಗುಚೋದನ್ನೂ ಮರೆತೆ. ಹುಡುಗ ಸತ್ತ ಅಲ್ವನೇ?"

"ಹೂಂ."

"ಹೆಂಗೆ ಸತ್ತ?"

"ಸುಟ್ರು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಇಷ್ಟಕ್ಕೇ ಮುಗಿಯಿತೆಂದು ನಾನು ಉಸಿರು ಬಿಟ್ಟೆ. ಮುಗಿದಿರಲಿಲ್ಲ. ತಲೆ ಓರೆ ಮಾಡಿ, ನನ್ನ ಮುಖ ಇರುವ ಕಡೆಗಿಂತ ತುಸು ಪಕ್ಕಕ್ಕೆ ನೋಡುತ್ತ ಹೇಳಿದಳು.

"ಆವತ್ತು ಬಸ್ಸಿನಾಗೂ ನೀನು ನಿಲ್ಲಲಿಲ್ಲ."

ನಾನು ಕಾದಂಬರಿಯನ್ನು ಬ್ಯಾಗಿಗೆ ಹಾಕತೊಡಗಿದೆ.

"ಆ ಕಾಗದ ತಾ. ನಿನ್ನ ಬ್ಯಾಗಿನಾಗೇ ಇರ್ತದೆ, ನೀನು ಎಂತನೂ ಬಿಸಾಡೋಳಲ್ಲ."

ಇತ್ತು. ಫೈಲಿನಲ್ಲಿ, ತಾರೀಖಿನ ಪ್ರಕಾರ. ತೆಗೆದು ಓದಿದೆ. ಪ್ರತಿ ವಾಕ್ಯಕ್ಕೂ ನಿಂತು ಓದಿದೆ. ಕೊನೆಗೆ, ನೋಟ ಇರುವಾಗಲೇ ಮಾಡಬೇಕಾದ್ದನ್ನು ಮಾಡಿಕೊಳ್ಳಲಿ ಎಂಬ ಸಾಲಿಗೆ ಬಂದಾಗ ಕಾಗದವನ್ನು ಮಡಿಲಿಗೆ ಇಳಿಸಿದೆ. ಅವಳು ಕಾದಳು. ಅದನ್ನೂ ಹೇಳಿದೆ.

"ಈಗ ಎಂತ ತಿಂಗಳು?"

"ಜುಲೈ ಮುಗೀತಾ ಬಂತು."

ಬೆರಳು ಮಡಚಿ ಎಣಿಸಿದಳು. "ಮುಗೀತಿತ್ತು," ಎಂದಳು. "ದಿನಕ್ಕೊಂದು ಹಾಳೆ ಅಂದ್ರೂ ನನ್ನ ಕಟಿಂಗ್ ಪುಸ್ತಕ ಮುಗೀತಿತ್ತು."

"ನಿಂಗೆ ನೋವಾಗ್ತದೆ ಅಂತ..."

"ನೋವು ಈಗ ಆಗಲಿಲ್ಲನಾ? ಕಣ್ಣು ಹೋಗೋದು ನಂದು. ಹೋಗೋದು ಯಾವಾಗ ಅಂತ ತಿಳ್ಕೊಳ್ಳೋಳು ನೀನೊಬ್ಳೇನಾ?" ಅವಳು ಗದರಲಿಲ್ಲ. "ಹಾಸ್ಟೆಲ್ ಮಕ್ಕಳ ಕಾಗದ ಒಡೆದು ಓದಿ ಆಮೇಲೆ ಕೊಡ್ತಿದ್ದೆಯಲ್ಲ, ನೀನು ಹಂಗೇ ಉಳಿದೆ."

ಅದು ನಿಜ. ಮನೆಯಿಂದ ಕೆಟ್ಟ ಸುದ್ದಿ ಬಂದರೆ ಪರೀಕ್ಷೆ ಮುಗಿಯುವವರೆಗೆ ಕಾಗದ ಕೊಡುತ್ತಿರಲಿಲ್ಲ. ಒಬ್ಬಳಿಗೆ ಅಜ್ಜಿ ತೀರಿಹೋದ ವಿಷಯ ಹನ್ನೊಂದು ದಿನ ತಡವಾಗಿ ತಿಳಿಯಿತು. ಅದನ್ನು ನಾನು ಇಷ್ಟು ವರ್ಷ ಒಳ್ಳೆಯ ಕೆಲಸಗಳ ಸಾಲಿನಲ್ಲಿ ಇಟ್ಟುಕೊಂಡಿದ್ದೆ.

ಕಟಿಂಗ್ ಪುಸ್ತಕವನ್ನು ಮುಗಿಸಲು ನಾವು ಪ್ರಯತ್ನಿಸಿದೆವು. ಅವಳು ಅಳತೆ ಹೇಳುವುದು, ನಾನು ಗೆರೆ ಎಳೆಯುವುದು. ಮೂರು ಗುರುವಾರ ಕೂತೆವು. ನಾನು ಕತ್ತರಿ ಹಿಡಿದವಳಲ್ಲ. ತೋಳಿನ ತಿರುವು ಎಲ್ಲಿ ಒಳಕ್ಕೆ, ಎಲ್ಲಿ ಹೊರಕ್ಕೆ ಎಂದು ಅವಳು ಗಾಳಿಯಲ್ಲಿ ಕೈಯಾಡಿಸಿ ತೋರಿಸಿದರೂ ನನಗೆ ಹಿಡಿಯಲಿಲ್ಲ. ಅವಳ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು ನೋಡಿ, "ಅಕ್ಕಾರೆ, ಹಿಂಗೆ ಕತ್ತರಿಸಿದ್ರೆ ಕೈ ಎತ್ತಕ್ಕೆ ಬರಲ್ಲ" ಎಂದಳು. ಅಕ್ಕ ನಕ್ಕಳು. ನಕ್ಕು, ಪುಸ್ತಕವನ್ನು ಅವಳಿಗೇ ಕೊಟ್ಟುಬಿಟ್ಟಳು. ಬ್ಲೌಸಿನ ಹಾಳೆಗಳು ಖಾಲಿಯಾಗಿಯೇ ಹೋದವು.

ಕಾದಂಬರಿಯನ್ನು ಹುಡುಗ ಸಾಯುವ ಅಧ್ಯಾಯದಿಂದ ಮತ್ತೆ ಓದಿಸಿಕೊಂಡಳು. ಕೊನೆಯವರೆಗೂ ಕೇಳಿದಳು. ನಾಯಕಿ ಅರಮನೆ ಬಿಟ್ಟು ಅವನ ಅಂಗಡಿಯಲ್ಲಿ ಹಾಳೆ ಹೊಲಿಯುತ್ತ ಉಳಿಯುತ್ತಾಳೆ. "ಇದು ಸರಿ," ಎಂದಳು, ಅಷ್ಟೆ. ಈಗ ಆ ಪೆಟ್ಟಿಗೆಯ ಬೇರೊಂದು ಪುಸ್ತಕ ನಡೆಯುತ್ತಿದೆ. ಗುರುವಾರಕ್ಕೆ ಎರಡು ಅಧ್ಯಾಯ. ಆದರೆ ಮೊದಲಿನಂತೆ ಅವಳು ನಡುವೆ ಬಾಯಿ ಹಾಕುವುದಿಲ್ಲ. ಬಟ್ಟೆಯ ಮಾತು ಬಂದರೂ ಸುಮ್ಮನಿರುತ್ತಾಳೆ. ಕಥೆ ಕೇಳುತ್ತಿದ್ದಾಳೋ ನನ್ನನ್ನು ಕೇಳುತ್ತಿದ್ದಾಳೋ ತಿಳಿಯುವುದಿಲ್ಲ.

ಹೋದ ವಾರ, ಹಿಂದಿನ ತಿಂಗಳ ತಪಾಸಣೆಯ ಮೇಲೆ ಡಾಕ್ಟರು ಬರೆದ ಹೊಸ ಕಾಗದ ಅಂಚೆಯಲ್ಲಿ ಬಂದಿತ್ತು. ನಾನು ಹೋದ ಕೂಡಲೇ ದಿಂಬಿನ ಅಡಿಯಿಂದ ತೆಗೆದು ಕೊಟ್ಟಳು. ಲಕೋಟೆ ಆಗಲೇ ಒಡೆದಿತ್ತು. ನಿಂತು ನಿಂತು, ಏನೂ ಬಿಡದೆ ಓದಿ ಹೇಳಿದೆ. ಬಲಗಣ್ಣಿನಲ್ಲಿ ಬೆಳಕು ಮತ್ತು ಕತ್ತಲೆಯ ವ್ಯತ್ಯಾಸ ಮಾತ್ರ ಉಳಿದಿದೆ, ಇನ್ನು ಡ್ರಾಪ್ಸ್ ನೋವು ಬಾರದಿರಲು ಮಾತ್ರ.

ಅಕ್ಕ ಕೈ ಚಾಚಿ ಕಾಗದ ವಾಪಸು ಇಸಿದುಕೊಂಡಳು.

"ಸರಿ," ಎಂದಳು. "ಮೊನ್ನೆ ಔಷಧಿ ಅಂಗಡಿಯವನೂ ಓದಿ ಇದನ್ನೇ ಹೇಳಿದ."