ಹಿಂದೆ ಕೂತವನು

ರಫಾಕತ್‌ಗೆ ಬೈಕ್ ಓಡಿಸಲು ಬರುತ್ತಿರಲಿಲ್ಲ. ಲಾಹೋರಿನ ಮುಘಲ್‌ಪುರದ ಆ ಗಲ್ಲಿಯಲ್ಲಿ ಹಾಲು ಹಾಕುವವನಿಂದ ಹಿಡಿದು ಮಸೀದಿಯ ಇಮಾಮರವರೆಗೆ ಎಲ್ಲರಿಗೂ ಗೊತ್ತಿದ್ದ ಸಂಗತಿ ಇದು. ಅಪ್ಪ ಬಷಾರತ್‌ನ ತಂದೂರಿನಲ್ಲಿ ರೊಟ್ಟಿ ತಟ್ಟಿ ಒಲೆಯ ಗೋಡೆಗೆ ಬಡಿಯುವುದು ಅವನ ಕೆಲಸ. ದಪ್ಪ ಮೈ, ಹಸುವಿನಂಥ ಗುಣ. ಮೀಸೆ ಬಂದು ಎಷ್ಟೋ ವರ್ಷವಾದರೂ ಸ್ವಂತದ್ದೆಂದು ಒಂದು ಸೈಕಲ್ಲೂ ಇರಲಿಲ್ಲ. ಎಲ್ಲಿಗೆ ಹೋಗುವುದಿದ್ದರೂ ಯಾರದಾದರೂ ಗಾಡಿಯ ಹಿಂದೆ ಕೂತು ಹೋಗುವವನು, ಮತ್ತು ಆ ಯಾರಾದರೂ ಹೆಚ್ಚಾಗಿ ಖುರ್ರಂ ಆಗಿರುತ್ತಿದ್ದ.

ಖುರ್ರಂ ಬಟ್ಟೆ ಅಂಗಡಿಯ ಇನಾಯತ್ ಸಾಹೇಬರ ಒಬ್ಬನೇ ಮಗ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಮೇಷ್ಟರಿಂದ ಒದೆ ತಿಂದವರು. ರಫಾಕತ್‌ನ ತಂಗಿ ನಾಹೀದಳನ್ನು ಖುರ್ರಂಗೆ ಕೊಡುವುದೆಂದು ಮಾತಾಗಿತ್ತು. ಬಕ್ರೀದ್ ಕಳೆದ ಮೇಲೆ ನಿಕಾಹ್. ತಂದೂರಿನವನ ಮಗಳು ಬಟ್ಟೆ ಅಂಗಡಿಯವರ ಸೊಸೆಯಾಗುವುದೆಂದರೆ ಸಣ್ಣ ಮಾತಲ್ಲ. ಬಷಾರತ್ ಆ ಸಂಬಂಧವನ್ನು ಬಿಸಿ ರೊಟ್ಟಿ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಅಳಿಯನಾಗುವವನಿಗೆ ಇದ್ದದ್ದು ಒಂದೇ ಹುಚ್ಚು. ಬೈಕಿನ ಮಡ್‌ಗಾರ್ಡ್ ಕಿತ್ತು, ಸೈಲೆನ್ಸರ್ ಕಿತ್ತು, ನಾಲೆಯ ಪಕ್ಕದ ದೊಡ್ಡ ರಸ್ತೆಯಲ್ಲಿ ಮುಂದಿನ ಚಕ್ರ ಆಕಾಶಕ್ಕೆತ್ತಿ ಓಡಿಸುವುದು. ಹುಡುಗರು ಇದನ್ನು ಕಲೆ ಎನ್ನುತ್ತಾರೆ. ಕಲೆಯಂತೆ, ಅವರ ತಲೆ. ಚಕ್ರ ಎದ್ದು ನಿಂತರೆ ಓಡಿಸುವವನಿಗೆ ಎದುರು ರಸ್ತೆಯೇ ಕಾಣುವುದಿಲ್ಲ, ಬರೀ ಟೈರು ಕಾಣುತ್ತದೆ. ಎದುರಿಗೆ ಮಗುವಿದೆಯೋ ಮುದುಕರಿದ್ದಾರೋ ದೇವರೇ ಬಲ್ಲ. ಬಕ್ರೀದಿನ ಆಡಿಗೂ ಕತ್ತಿಯ ಮುಂಚೆ ನೀರು ಕುಡಿಸುತ್ತಾರೆ; ಈ ರಸ್ತೆಯಲ್ಲಿ ಅಷ್ಟೂ ಇಲ್ಲ.

ಚಕ್ರ ಸಲೀಸಾಗಿ ಏಳಬೇಕಾದರೆ ಹಿಂದೆ ಭಾರ ಬೇಕು. ಆ ಭಾರ ರಫಾಕತ್.

"ಬಾರೋ ಡುಮ್ಮ, ನೀನಿಲ್ದೆ ನನ್ನ ಗಾಡಿ ಏಳಲ್ಲ" ಎಂದು ಖುರ್ರಂ ತಂದೂರಿನ ಮುಂದೆ ಬಂದು ಹಾರ್ನ್ ಹೊಡೆದರೆ ಇವನು ಹಿಟ್ಟಿನ ಕೈ ತೊಳೆದುಕೊಂಡು ಹೊರಟೇಬಿಡುತ್ತಿದ್ದ. ಹಿಂದೆ ಕೂರುವುದು, ಗೆಳೆಯ ಹ್ಯಾಂಡಲ್ ಎಳೆದಾಗ ಮೈಯನ್ನು ಹಿಂದಕ್ಕೆ ಬಿಡುವುದು, ಕಣ್ಣು ಮುಚ್ಚಿಕೊಂಡು ಕಲ್ಮಾ ಹೇಳುವುದು. ಅವನಿಗೆ ಅದು ಇಷ್ಟವಿತ್ತೆಂದಲ್ಲ. ನೀನಿಲ್ಲದೆ ಆಗುವುದಿಲ್ಲ ಎಂದು ಅವನಿಗೆ ಹೇಳುತ್ತಿದ್ದವನು ಜಗತ್ತಿನಲ್ಲಿ ಖುರ್ರಂ ಒಬ್ಬನೇ.

ಆ ವರ್ಷ ರಂಜಾನ್ ಹಬ್ಬದ ಮೂರನೆಯ ದಿನ, ಇಳಿಹೊತ್ತು. ನಾಲೆಯ ದಂಡೆಯ ತುಂಬ ಹಬ್ಬದ ಜನ. ಖುರ್ರಂನ ಚಕ್ರ ಎದ್ದಿತ್ತು, ಹುಡುಗರು ಸೀಟಿ ಹೊಡೆಯುತ್ತಿದ್ದರು. ಅಂದು ರಫಾಕತ್ ಯಾಕೋ ಕಣ್ಣು ಬಿಟ್ಟಿದ್ದ. ಮಗಳ ಮನೆಗೆ ಮಿಠಾಯಿ ಡಬ್ಬ ಹಿಡಿದುಕೊಂಡು ರಸ್ತೆ ದಾಟುತ್ತಿದ್ದ ಮುದುಕರೊಬ್ಬರು ಪಕ್ಕದಿಂದ ಅವನಿಗೆ ಕಂಡರು. "ಇಳಿಸೋ, ಇಳಿಸೋ" ಎಂದು ಕೂಗಿದ. ಖುರ್ರಂ ಚಕ್ರ ಇಳಿಸಿದ್ದು ಅವರ ಮೇಲೆ.

ಬಿದ್ದವರು ಮೂವರು. ಖುರ್ರಂ ಮೊದಲು ಎದ್ದ. ಮೊಣಕೈ ತರಚಿತ್ತು ಅಷ್ಟೆ. ಮುದುಕರನ್ನು ನೋಡಿದ, ಬೈಕನ್ನು ನೋಡಿದ, ಬೈಕನ್ನು ಎತ್ತಿಕೊಂಡು ಹೋದ. ಸೀಟಿ ಹೊಡೆದವರೂ ಹೋದರು. ರಫಾಕತ್ ಮಾತ್ರ ಮುದುಕರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ. ಅವರು ನೀರು ಕೇಳಿದರು. ಯಾರೋ ಬಾಟಲಿ ತಂದುಕೊಟ್ಟರು. ಅವರು ಕುಡಿಯಲಿಲ್ಲ. ಪೊಲೀಸರು ಬಂದಾಗ ಹಿಡಿಯಲು ಸಿಕ್ಕವನು ಇವನೊಬ್ಬನೇ, ಯಾಕೆಂದರೆ ಓಡಿಹೋಗದವನು ಇವನೊಬ್ಬನೇ. "ಗಾಡಿ ಯಾರು ಓಡ್ಸಿದ್ದು?" ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ಖುರ್ರಂ ಬಂದು ತಾನೇ ಹೇಳುತ್ತಾನೆಂದು ನಂಬಿ ಕೂತಿದ್ದ, ಪಾಪ.

ಬಂದವರು ಖುರ್ರಂನ ಅಪ್ಪ. ಜೊತೆಗೆ ರಫಾಕತ್‌ನ ಅಪ್ಪನೂ.

"ನೋಡು ಮಗನೇ," ಇನಾಯತ್ ಸಾಹೇಬರು ಠಾಣೆಯ ಬೆಂಚಿನ ಮೇಲೆ ಅವನ ಪಕ್ಕ ಕೂತು ಭುಜದ ಮೇಲೆ ಕೈ ಹಾಕಿದರು. "ಖುರ್ರಂ ಹೋದ ವರ್ಷವೂ ಸಿಕ್ಕಿಹಾಕ್ಕೊಂಡು ಮುಚ್ಚಳಿಕೆ ಬರ್ಕೊಟ್ಟಿದ್ದಾನೆ, ನಿಂಗೊತ್ತು. ಎರಡನೇ ಸಲ ಅಂದ್ರೆ ಒಳಗೇ. ನಿನ್ನ ಹೆಸರು ಶುದ್ಧವಾಗಿದೆ. ತೀರ್ಕೊಂಡ ಮಂಜೂರ್ ಮಿಯಾನ ಮನೆಯೋರು ದೇವರಂಥೋರು. ಅಲ್ಲಾಹನ ಹೆಸರಲ್ಲಿ ಮಾಫ್ ಮಾಡೋಕೆ ಒಪ್ಕೊಂಡಿದ್ದಾರೆ. ವಾರಸುದಾರರು ಮಾಫ್ ಮಾಡಿದ್ರೆ ಕೋರ್ಟೂ ಬಿಟ್ಟುಬಿಡತ್ತೆ."

"ಹಂಗಾದ್ರೆ ಖುರ್ರಂನೇ ಮಾಫಿ ಕೇಳ್ಲಿ, ಚಾಚಾ."

"ಮುಚ್ಚಳಿಕೆ ಇರೋನನ್ನ ಅವರು ಮಾಫ್ ಮಾಡಿದ್ರೂ ಪೊಲೀಸರು ಬಿಡಲ್ಲಪ್ಪ. ಕ್ಷಮಿಸೋಕೆ ಯಾರಾದ್ರೂ ಒಬ್ಬ ಬೇಕಲ್ಲ. ನೀನು ತಲೆ ಬಗ್ಗಿಸು, ಸಾಕು. ಒಂದು ಗಳಿಗೆ ಕೆಲಸ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ. ರಫಾಕತ್ ಅಪ್ಪನ ಮುಖ ನೋಡಿದ. ಬಷಾರತ್ ಟೋಪಿ ತೆಗೆದು ಮಗನ ಪಾದದ ಮೇಲಿಟ್ಟ. "ನಾಹೀದ್ ಮುಖ ನೋಡೋ. ಅವನು ಜೈಲಿಗೆ ಹೋದ್ರೆ ಆ ಹುಡುಗಿ ಗತಿ ಏನು?" ಎಂದ. ಅಪ್ಪ ಟೋಪಿ ತೆಗೆದಿಟ್ಟ ಮೇಲೆ ಯಾವ ಮಗ ಏನು ಮಾಡಬಲ್ಲ? ರಫಾಕತ್ ಟೋಪಿ ಎತ್ತಿ ಅಪ್ಪನ ತಲೆಗೆ ಹಾಕಿದ. ಅಲ್ಲಿಗೆ ಒಪ್ಪಿದ ಹಾಗಾಯಿತು.

ಮಂಜೂರ್ ಮಿಯಾನ ಅಂಗಳದಲ್ಲಿ ಚಾಪೆ ಹಾಸಿದ್ದರು. ಇಮಾಮರು, ಗಲ್ಲಿಯ ಹಿರಿಯರು, ಎಲ್ಲರೂ ಇದ್ದರು. ಇವನು ಬರೀ ಹಿಂದೆ ಕೂರುವವನೆಂದು ಅವರಲ್ಲಿ ಯಾರಿಗೆ ಗೊತ್ತಿರಲಿಲ್ಲ? ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ತಸ್ಬಿಯ ಮಣಿ ಎಣಿಸುತ್ತ ಕೂತಿದ್ದರು. ಬಾಗಿಲ ಹತ್ತಿರ ಖುರ್ರಂ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಕಿಕೊಂಡು ತಲೆ ಬಗ್ಗಿಸಿ ನಿಂತಿದ್ದ.

ಮುದುಕರ ಹೆಂಡತಿ ಹಮೀದಾಬೀ ಹೊರಗೆ ಬಂದರು. "ನೀನೇನಪ್ಪಾ ಓಡ್ಸಿದ್ದು?" ಎಂದು ಕೇಳಿದರು. ಸಿಟ್ಟಿನ ದನಿಯಲ್ಲ. ಅದೇ ಕಷ್ಟವಾಯಿತು.

ರಫಾಕತ್ ಬಾಗಿಲ ಕಡೆ ನೋಡಿದ. ಖುರ್ರಂ ಕತ್ತೆತ್ತಲಿಲ್ಲ.

"ಹೌದಮ್ಮಾ," ಎಂದ.

"ಕಡೇಲಿ ಏನಾದ್ರೂ ಅಂದ್ರಾ?"

"ನೀರು ಕೇಳಿದ್ರು. ಕೊಟ್ಟೆ. ಕುಡೀಲಿಲ್ಲ."

ಆ ತಾಯಿ ಹತ್ತಿರ ಬಂದರು. ಆಮೇಲೆ ಅವನ ತಲೆಯ ಮೇಲೆ ಕೈಯಿಟ್ಟರು. "ಹೋಗು. ನನ್ನವರ ರಕ್ತ ನಿಂಗೆ ಮಾಫ್." ರಫಾಕತ್ ಹುಡುಗನಂತೆ ಬಿಕ್ಕಿಬಿಕ್ಕಿ ಅತ್ತ. ತಪ್ಪಿತಸ್ಥ ಹೀಗೇ ಅಳಬೇಕು ಎಂಬಂತೆ ಹಿರಿಯರು ತಲೆಯಾಡಿಸಿದರು. ಗಲ್ಲಿಯ ತಿರುವಿನಲ್ಲಿ ಖುರ್ರಂ ಅವನನ್ನು ತಬ್ಬಿಕೊಂಡು, "ಇನ್ಮೇಲೆ ನನ್ನ ಜೀವ ನಿಂದು ಕಣೋ ಡುಮ್ಮ" ಎಂದ.

ಮನೆಗೆ ಬಂದ ಮೇಲೆ ರಫಾಕತ್ ಇನ್ನೂ ಒಂದು ಕೆಲಸ ಮಾಡಿದ. ಅದನ್ನು ಯಾರೂ ಹೇಳಿರಲಿಲ್ಲ, ಇವನದೇ ಬುದ್ಧಿ. ನಾಹೀದ್ ಬಾಗಿಲಲ್ಲೇ ಕಾಯುತ್ತಿದ್ದಳು. "ಭಾಯಿ, ನಿಜ ಹೇಳು. ಓಡ್ಸಿದ್ದು ಅವರಾ?" ಎಂದಳು. ನಾಳೆ ಮದುವೆಯಾಗುವ ಹುಡುಗಿ, ಗಂಡನ ಕೈ ನೋಡಿದಾಗೆಲ್ಲ ಆ ಮುದುಕರನ್ನು ನೆನೆಯಬಾರದು ಎನಿಸಿತು ಅವನಿಗೆ. "ಇಲ್ಲಮ್ಮ. ಖುರ್ರಂ ನಂಗೆ ಕಲಿಸ್ತಿದ್ದ. ನಾನೇ ಮುಂದೆ ಕೂತಿದ್ದೆ. ಅವನು ಬೇಡ ಬೇಡ ಅಂದ, ನಾನೇ ಕೇಳ್ಲಿಲ್ಲ" ಎಂದ. ಅವಳು ನಂಬಿದಳು. ಅವನು ಅವಳಿಗೆ ಅದಕ್ಕೆ ಮುಂಚೆ ಯಾವತ್ತೂ ಸುಳ್ಳು ಹೇಳಿರಲಿಲ್ಲ.

ಕೋರ್ಟು ಬಿಟ್ಟಿತು. ಗಲ್ಲಿ ಬಿಡಲಿಲ್ಲ. ಮೊದಮೊದಲು ರೊಟ್ಟಿಗೆ ಬಂದವರು ಕಣ್ಣು ತಪ್ಪಿಸುತ್ತಿದ್ದರು, ತಮಗೆ ನಿಜ ಗೊತ್ತಿದೆಯಲ್ಲ ಎಂಬ ನಾಚಿಕೆಗೆ. ಬರಬರುತ್ತ ನಾಚಿಕೆ ಹೋಯಿತು, ಸುಳ್ಳು ಉಳಿಯಿತು. "ಆ ಹುಡುಗನೇ, ಮಂಜೂರ್ ಮಿಯಾನ್ನ ಕೊಂದಿದ್ದು" ಎಂದು ಹೊಸದಾಗಿ ಬಂದ ಬಾಡಿಗೆಯವರಿಗೆ ತೋರಿಸತೊಡಗಿದರು. ಖುರ್ರಂ ತಂದೂರಿನ ಮುಂದೆ ಹಾರ್ನ್ ಹೊಡೆಯುವುದನ್ನು ನಿಲ್ಲಿಸಿದ. ಅವರ ಮನೆಗೆ ರೊಟ್ಟಿ ಆಚೆ ಬೀದಿಯ ತಂದೂರಿನಿಂದ ಹೋಗತೊಡಗಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ಬಕ್ರೀದ್ ಕಳೆಯಿತು. ನಿಕಾಹ್‌ನ ಮಾತೆತ್ತಲು ಬಷಾರತ್ ತಾನೇ ಹೋಗಬೇಕೆಂದಿದ್ದಾಗ ಖುರ್ರಂನ ತಾಯಿ ಬಿಲ್ಕೀಸ್ ಬೇಗಂ ತಾವಾಗಿಯೇ ಬಂದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ನಾಹೀದಳ ಮನೆಯಿಂದ ಹುಡುಗನಿಗೆ ಹಾಕಿದ ಉಂಗುರ. ಚಹಾ ಕುಡಿಯಲಿಲ್ಲ.

"ತಪ್ಪು ತಿಳ್ಕೋಬೇಡಿ ಬಷಾರತ್ ಭಾಯಿ. ನಾಹೀದ್ ಚಿನ್ನದಂಥ ಹುಡುಗಿ. ಆದ್ರೆ ನಮಗೂ ನೆಂಟರಿದ್ದಾರೆ. ಹುಡುಗಿ ಅಣ್ಣ ಒಂದು ಜೀವ ತೆಗೆದೋನು ಅಂದ್ರೆ ನಾಳೆ ನಮ್ಮ ಮೊಮ್ಮಕ್ಕಳನ್ನ ಯಾರು ಕೇಳ್ತಾರೆ?"

ಒಲೆಯ ಹತ್ತಿರವಿದ್ದ ರಫಾಕತ್ ಎದ್ದು ಬಂದ. "ಖಾಲಾ, ನಂಗೆ ಬೈಕ್ ಓಡ್ಸೋಕೆ ಬರಲ್ಲ. ನಿಮಗೆ ಗೊತ್ತು."

ಬೇಗಂ ಸೆರಗು ಸರಿಮಾಡಿಕೊಂಡರು. "ನಂಗೇನು ಗೊತ್ತಪ್ಪಾ? ನೀನೇ ಇಮಾಮರ ಎದುರಿಗೆ ಒಪ್ಕೊಂಡೆ. ಆ ವಿಧವೆ ನಿನ್ನ ತಲೆ ಮೇಲೆ ಕೈಯಿಟ್ಲು. ಅದೆಲ್ಲ ಸುಳ್ಳು ಅಂತೀಯಾ? ದೇವರ ಹೆಸರಲ್ಲಿ ಕೊಟ್ಟ ಮಾಫಿ ಅದು."

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರಿದ್ದಾರೆ; ಇವರು ತಳ್ಳಿದ್ದಲ್ಲದೆ ಮೈ ಒದ್ದೆಯಾಗಿದೆಯೆಂದು ಮನೆಗೂ ಸೇರಿಸಲಿಲ್ಲ. ರಫಾಕತ್ ಅಪ್ಪನ ಕಡೆ ತಿರುಗಿದ. ಒಂದು ಮಾತು, ಒಂದೇ ಒಂದು ಮಾತು ಅಪ್ಪ ಆಡಲೆಂದು ಕಾದ. ಬಷಾರತ್ ತಟ್ಟೆಯಿಂದ ಉಂಗುರ ತೆಗೆದು ಜೇಬಿಗೆ ಹಾಕಿಕೊಂಡ.

ನಾಹೀದ್ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಕೆಳಗಿನ ಮಾತೆಲ್ಲ ಕೇಳಿಸಿತ್ತು. ರಫಾಕತ್ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತ ನಿಂತ.

"ನಾಹೀದ್, ನಾನು ಓಡ್ಸಿರ್ಲಿಲ್ಲ. ಖುರ್ರಂ ಓಡ್ಸಿದ್ದು. ನಾನು ಹಿಂದೆ ಕೂತಿದ್ದೆ."

ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ. "ಸಂಬಂಧ ಮುರಿದ ಮೇಲೆ ಈ ಮಾತು ನೆನಪಾಯ್ತಾ ಭಾಯಿ?"

"ನಿನಗೋಸ್ಕರ ಒಪ್ಕೊಂಡೆ ಕಣೇ. ನಂಗೆ ಓಡ್ಸೋಕೆ ಬರಲ್ಲ ಅಂತ ನಿಂಗೊತ್ತಿಲ್ವಾ?"

"ಗೊತ್ತು. ಬರದೇ ಇದ್ದಿದ್ದಕ್ಕೇ ಅಲ್ವಾ ಆ ಮುದುಕರು ಸತ್ತಿದ್ದು?" ಅವಳು ಇನ್ನೊಂದು ಬಟ್ಟೆ ಎಳೆದುಕೊಂಡಳು. "ಅವರು ಬೇಡ ಬೇಡ ಅಂದ್ರೂ ನೀನು ಕೇಳ್ಲಿಲ್ವಂತೆ. ನೀನೇ ಹೇಳಿದ್ದು."

"ಅದು ಸುಳ್ಳು. ಬೇಕಾದ್ರೆ ಅಬ್ಬಾನ ಕೇಳು."

ನಾಹೀದ್ ಗೋಡೆಯಂಚಿಗೆ ಹೋಗಿ ಕೆಳಗೆ ಬಗ್ಗಿದಳು. ಬಷಾರತ್ ಸಂಜೆಯ ರೊಟ್ಟಿಗೆ ಹಿಟ್ಟು ನಾದುತ್ತಿದ್ದ. ಎದುರಿಗೆ ಇಬ್ಬರು ಗಿರಾಕಿಗಳು ಆಗಲೇ ನಿಂತಿದ್ದರು.

"ಅಬ್ಬಾ, ಅವತ್ತು ಭಾಯಿ ಓಡ್ಸಿರ್ಲಿಲ್ವಂತೆ. ಹೌದಾ?"

ಬಷಾರತ್ ಮೇಲೆ ನೋಡಿದ. ಗಿರಾಕಿಗಳ ಕಡೆ ನೋಡಿದ. "ಆಗಿದ್ದು ಆಗೋಯ್ತು, ಬಿಡಮ್ಮ," ಎಂದು ಮತ್ತೆ ಹಿಟ್ಟಿಗೆ ಕೈ ಹಾಕಿದ.

ನಾಹೀದ್ ಅಣ್ಣನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಸಿಟ್ಟಿಗಿಂತ ಅಸಹ್ಯವೇ ಹೆಚ್ಚಿತ್ತು.

"ನೋಡು," ಎಂದಳು, "ನಿನ್ನ ಪರ ಸುಳ್ಳು ಹೇಳೋಕೆ ಅಬ್ಬಾಗೂ ಬಾಯಿ ಬರ್ಲಿಲ್ಲ."