ಯಾವ ಲೈಬ್ರರಿ ಮೊದಲು?

ನೊಯ್ಡಾದ ನಮ್ಮ ಆಫೀಸಿನಲ್ಲಿ ಹೃದಯದ ಬಡಿತ ಅಳೆಯುವ ಯಂತ್ರಕ್ಕೆ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಎಲ್ಲವೂ ಸಿ ಭಾಷೆಯಲ್ಲಿ, ಲೈಬ್ರರಿ ಎಂದು ನಾವು ಕರೆಯುವ ಹಲವು ಬಿಡಿಭಾಗಗಳಾಗಿ ಹಂಚಿಹೋಗಿತ್ತು. ಬಡಿತವನ್ನು ಓದುವ ಲೈಬ್ರರಿ ನನ್ನದು. ಅದನ್ನು ಪರದೆಯ ಮೇಲೆ ಗೆರೆಯಾಗಿ ಬಿಡಿಸುವುದು ಪಕ್ಕದ ಮೇಜಿನ ಅಕ್ಕನದು. ಅವರ ಹೆತ್ತವರು ಬೀದರಿನ ಕಡೆಯವರು. ಅಕ್ಕ ಹುಟ್ಟಿ ಬೆಳೆದದ್ದು ದೆಹಲಿಯ ಲೋಧಿ ಕಾಲೋನಿಯಲ್ಲಿ. ಕನ್ನಡದಲ್ಲಿ ಮಾತು ಶುರುಮಾಡಿ ಹಿಂದಿಯಲ್ಲಿ ಮುಗಿಸುತ್ತಿದ್ದರು.

ಯಾವ ಕಡತದಿಂದ ಯಾವುದನ್ನು ಕಟ್ಟಬೇಕೆಂದು ಕಂಪ್ಯೂಟರಿಗೆ ಹೇಳುವ ಮೇಕ್‌ಫೈಲ್ ನಮ್ಮಲ್ಲಿ ಒಂದೇ ಇತ್ತು, ಅದೂ ಊರುದ್ದ. ಬದಲಾದದ್ದು ಯಾವುದೆಂದು ಅದಕ್ಕೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಹಾಗಾಗಿ ಒಂದು ಸಾಲು ತಿದ್ದಿದರೂ ಎಲ್ಲವನ್ನೂ ಅಳಿಸಿ ಮೊದಲಿನಿಂದ ಕಟ್ಟಬೇಕು. ಅದು ಮುಗಿಯುವಷ್ಟರಲ್ಲಿ ತಿದ್ದಿದ್ದೇನು ಎಂಬುದೇ ಮರೆತುಹೋಗುತ್ತಿತ್ತು.

ಒಂದು ಚಳಿಗಾಲದ ಬೆಳಿಗ್ಗೆ, ಇದನ್ನು ನಾವೇ ಸರಿಮಾಡೋಣ ಎಂದರು ಅಕ್ಕ. ಪ್ರತಿ ಲೈಬ್ರರಿಗೂ ಅದರದೇ ಫೋಲ್ಡರ್, ಅದರದೇ ಪುಟ್ಟ ಮೇಕ್‌ಫೈಲ್; ಯಾರಿಗೆ ಯಾರು ಬೇಕೆಂದು ಹೇಳಲು ಮೇಲೊಂದು. ಕೆಲಸ ಸರಾಗವಾಗಿ ಸಾಗಿತು, ನಮ್ಮಿಬ್ಬರ ಲೈಬ್ರರಿ ಎದುರಾಗುವ ತನಕ. ನನ್ನದಕ್ಕೆ ಅವರದು ಬೇಕು, ಅವರದಕ್ಕೆ ನನ್ನದು. ಯಾವುದನ್ನು ಮೊದಲು ಕಟ್ಟುವುದು? ನಿಮ್ಮದನ್ನು ಬದಲಿಸಿ ಎಂದು ನಾನು, ನಿನ್ನದನ್ನು ಎಂದು ಅವರು.

ಮಧ್ಯಾಹ್ನ ತಾರಸಿಯ ಬಿಸಿಲಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಾ ಅಕ್ಕ ಕೇಳಿದರು, "ನಿಂಗೆ ನಂದ್ರಲ್ಲಿ ಏನ್ ಬೇಕು, ಹೇಳು."

"ಸಮಯ ಲೆಕ್ಕ ಹಾಕೋ ಫಂಕ್ಷನ್ ಅಷ್ಟೇ, ಅಕ್ಕ."

"ಅಚ್ಛಾ. ನಂಗೂ ನಿಂದ್ರಲ್ಲಿ ಬೇಕಾಗಿರೋದು ಅಳತೆ ಬದಲಾಯಿಸೋದು ಒಂದೇ. ಎರಡನ್ನೂ ತೆಗ್ದು ಬೇರೆ ಕಡೆ ಇಡೋಣ. ಜಗಡಾ ಖತಮ್."

ಕೋಡಿನ ಆ ಎರಡು ಚೂರುಗಳಿಂದ ಮೂರನೆಯ ಪುಟ್ಟ ಲೈಬ್ರರಿಯಾಯಿತು. ಅದಕ್ಕೆ ಯಾರ ಹಂಗೂ ಇಲ್ಲ. ಮೊದಲು ಅದು, ಆಮೇಲೆ ನಮ್ಮವು. ಮರುದಿನ ಎಲ್ಲವೂ ಸಾಲಾಗಿ ಕಟ್ಟಿಕೊಂಡಿತು. ನನ್ನ ಕಡತದಲ್ಲಿ ಒಂದು ಸಾಲು ತಿದ್ದಿ ಮತ್ತೆ ಕಟ್ಟಲು ಮೇಕ್ ಆಜ್ಞೆ ಕೊಟ್ಟೆ. ಆ ಕಡತವನ್ನಷ್ಟೇ ಮುಟ್ಟಿ, ಜೋಡಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿಬಿಟ್ಟಿತು. ನನಗೆ ನಂಬಿಕೆಯೇ ಬರಲಿಲ್ಲ. ಯಂತ್ರಕ್ಕೆ ಹಾಕಿದೆವು; ಅಕ್ಕ ತಂತಿಗಳನ್ನು ತಮ್ಮ ಕೈಗೇ ಅಂಟಿಸಿಕೊಂಡರು. ಪರದೆಯ ಮೇಲೆ ಅವರ ಎದೆಬಡಿತ ಅಚ್ಚುಕಟ್ಟಾಗಿ ಓಡಿತು, ಖುಷಿಗೆ ಸ್ವಲ್ಪ ಜೋರಾಗಿಯೇ.

ಸಂಜೆ ಮೆಟ್ರೋ ಹತ್ತಿ ಕರೋಲ್ ಬಾಗಿಗೆ ಹೋಗಿ ಛೋಲೆ ಭಟೂರೆ ತಿಂದೆವು. ಅಲ್ಲಿಂದಲೇ ಅಕ್ಕ ತಮ್ಮ ಅಮ್ಮನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ವಿವರಿಸಿದರು. ಆ ತಾಯಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಫೋನಿನಾಚೆಯ ಅವರ ನಗು ಮಾತ್ರ ರಿಕ್ಷಾಗಳ ಗದ್ದಲದಲ್ಲೂ ನನಗೆ ಕೇಳಿಸಿತು.